ಏಷ್ಯಾದ ರಾಜಕೀಯ ಓದುವ ವೃತ್ತಿ: ಯಾವ ಭಾಷೆ, ಯಾವ ವಿಭಾಗ, ಯಾವ ದೇಶ?

ಏಷ್ಯಾದ ರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತಾ, ಕಲಿಸುತ್ತಾ, ಬರೆಯುತ್ತಾ ಬದುಕಬೇಕು ಅಂದುಕೊಂಡವರು ಮೊದಲು ಕೇಳುವುದು 'ಯಾವ ವಿಶ್ವವಿದ್ಯಾಲಯ ಒಳ್ಳೆಯದು?' ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಅದಕ್ಕೂ ಮುಂಚೆ ಎರಡು ಪ್ರಶ್ನೆಗಳಿವೆ. ಯಾವ ಭಾಷೆ ಕಲಿಯುತ್ತೀರಿ? ಯಾವ ವಿಭಾಗದಲ್ಲಿ ಕೂತು ಕೆಲಸ ಮಾಡುತ್ತೀರಿ?

ವಿಶ್ವವಿದ್ಯಾಲಯವನ್ನು ನಡುವೆ ಬದಲಾಯಿಸಬಹುದು. ಗೈಡ್ ಬದಲಾಗಬಹುದು. ಸಂಶೋಧನೆಯ ವಿಷಯವಂತೂ ಹೆಚ್ಚಿನವರಿಗೆ ಬದಲಾಗಿಯೇ ಆಗುತ್ತದೆ. ಆದರೆ ನಾಲ್ಕು ವರ್ಷ ಕೂತು ಕಲಿತ ಭಾಷೆಯನ್ನು ಬಿಟ್ಟು ಇನ್ನೊಂದು ಹಿಡಿಯುವುದು ಅಂದರೆ ಮತ್ತೆ ಅ, ಆ, ಇ, ಈಯಿಂದ ಶುರು. ಹಾಗಾಗಿ ಈ ಬರಹದಲ್ಲಿ ಆಯ್ಕೆಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ. ಬದಲಾಯಿಸಲು ಅತಿ ಕಷ್ಟವಾದದ್ದು ಮೊದಲು.

ಭಾಷೆ

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಲು ಒಂದು ಸಂಸ್ಥೆ ನಡೆಸುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ಕೆಲಸಕ್ಕೆ ಸಾಕಾಗುವಷ್ಟು ಕಲಿಯಲು ಎಷ್ಟು ಹೊತ್ತು ಬೇಕು ಅನ್ನುವ ಅದರ ಲೆಕ್ಕ ಹೀಗಿದೆ. ಇಂಡೋನೇಷ್ಯನ್‌ಗೆ ಸುಮಾರು 900 ಗಂಟೆ ಪಾಠ. ಹಿಂದಿ, ಥಾಯ್, ವಿಯೆಟ್ನಾಮಿ ಭಾಷೆಗಳಿಗೆ ಸುಮಾರು 1,100 ಗಂಟೆ. ಚೀನೀ, ಜಪಾನೀ, ಕೊರಿಯನ್‌ಗೆ 2,200 ಗಂಟೆ. ನಿಮ್ಮ ಮಾತೃಭಾಷೆ ಬೇರೆಯಾದರೆ ಲೆಕ್ಕವೂ ಬೇರೆಯಾಗುತ್ತದೆ. ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆಯಲ್ಲಿ ಬೆಳೆದವರಿಗೆ ಜಪಾನೀ, ಕೊರಿಯನ್ ವಾಕ್ಯಗಳ ಓಟ ಬೇಗ ಹಿಡಿತಕ್ಕೆ ಸಿಗುತ್ತದೆ. ಆದರೂ ಜಪಾನೀ ಭಾಷೆಯ ಕಾಂಜಿ ಅಕ್ಷರಗಳನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳುವ ಕಷ್ಟ ಎಲ್ಲರಿಗೂ ಒಂದೇ.

ಇಷ್ಟೊಂದು ಸಮಯ ಕೊಡುವುದು ನಿಜವಾಗಿ ಬೇಕಾ? ಬೇಕು. 2001ರ ಏಪ್ರಿಲ್ 1ರಂದು ದಕ್ಷಿಣ ಚೀನಾ ಸಮುದ್ರದ ಮೇಲೆ ಅಮೆರಿಕದ ಬೇಹುಗಾರಿಕೆ ವಿಮಾನ ಮತ್ತು ಚೀನಾದ ಯುದ್ಧ ವಿಮಾನ ಡಿಕ್ಕಿ ಹೊಡೆದವು. ಚೀನೀ ಪೈಲಟ್ ಸತ್ತರು. ಹೈನಾನ್ ದ್ವೀಪದಲ್ಲಿ ಇಳಿದ ಅಮೆರಿಕದ 24 ಸಿಬ್ಬಂದಿಯನ್ನು ಚೀನಾ 11 ದಿನ ಹಿಡಿದಿಟ್ಟುಕೊಂಡಿತು. ಚೀನಾ ಕೇಳಿದ್ದು ಕ್ಷಮಾಪಣೆ. ಅಮೆರಿಕ ಕೊಟ್ಟ ಪತ್ರದಲ್ಲಿ ಇದ್ದದ್ದು 'ವೆರಿ ಸಾರಿ' ಅನ್ನುವ ಮಾತು. ಚೀನಾದ ಪತ್ರಿಕೆಗಳು ಅದನ್ನು 'ಶೆನ್‌ಬಿಯಾವೊ ಛಿಯಾನ್‌ಯಿ' ಎಂದು ಬರೆದವು, ಅಂದರೆ ಆಳವಾದ ವಿಷಾದ. ತಪ್ಪೊಪ್ಪಿಗೆಯ ಧ್ವನಿಯಿರುವ 'ದಾವೊಛಿಯಾನ್' ಅದಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಜನರ ಮುಂದೆ ಗೆದ್ದ ಹಾಗೆ ನಿಂತುಕೊಂಡರು, ಬಿಕ್ಕಟ್ಟು ಮುಗಿಯಿತು. ಅನುವಾದ ಮಾತ್ರ ಓದಿದವರಿಗೆ ಈ ಇಡೀ ಚೌಕಾಸಿ ಕಾಣುವುದೇ ಇಲ್ಲ. ಚೀನಾದ ಕಮ್ಯುನಿಸ್ಟ್ ಪಕ್ಷದ ದಾಖಲೆಗಳನ್ನು ಓದುವವರು 'ತಿಫಾ' ಅನ್ನುವ ಮಾತನ್ನು ಮತ್ತೆ ಮತ್ತೆ ಬಳಸುತ್ತಾರೆ. ಪಕ್ಷ ಒಪ್ಪಿದ, ಅಚ್ಚುಕಟ್ಟಾದ ಪದಗುಚ್ಛ ಅಂತ ಅರ್ಥ. ಅದರಲ್ಲಿ ಒಂದು ವಿಶೇಷಣ ಬಿಟ್ಟುಹೋದರೂ ನೀತಿ ಬದಲಾಗುತ್ತಿರುವ ಸುಳಿವು ಇರಬಹುದು.

ಹಾಗಾದರೆ ಯಾವ ಭಾಷೆ? ಇಷ್ಟವಾದದ್ದು ಅನ್ನುವುದು ಮೊದಲ ಉತ್ತರ, ಅದು ಸರಿಯಾದ ಉತ್ತರವೂ ಹೌದು. ಇಷ್ಟವಿಲ್ಲದ ಭಾಷೆಗೆ ಎರಡು ಸಾವಿರ ಗಂಟೆ ಕೊಡಲು ಯಾರಿಂದಲೂ ಆಗುವುದಿಲ್ಲ. ಆದರೆ ಎರಡು ಭಾಷೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಇನ್ನೊಂದು ವಿಷಯ ನೋಡಿ. ಆ ಭಾಷೆ ಎಷ್ಟು ದೇಶಗಳ ಬಾಗಿಲು ತೆರೆಯುತ್ತದೆ?

ಯಾಕೆಂದರೆ ಬಾಗಿಲುಗಳು ಮುಚ್ಚುತ್ತವೆ. ಬೆನೆಡಿಕ್ಟ್ ಆಂಡರ್ಸನ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಂಡೋನೇಷ್ಯಾದ ಪರಿಣತರಾಗಿ ಬೆಳೆದವರು. ಅಲ್ಲಿನ 1965ರ ದಂಗೆಯ ಬಗ್ಗೆ ಅವರು ಸಹೋದ್ಯೋಗಿಗಳ ಜೊತೆ ಬರೆದ ವರದಿ ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರಕ್ಕೆ ಹಿಡಿಸಲಿಲ್ಲ. 1972ರಿಂದ 1998ರಲ್ಲಿ ಸುಹಾರ್ತೊ ಅಧಿಕಾರ ಕಳೆದುಕೊಳ್ಳುವವರೆಗೆ ಅವರಿಗೆ ಆ ದೇಶಕ್ಕೆ ಪ್ರವೇಶ ಇರಲಿಲ್ಲ. ಕಾಲು ಶತಮಾನ! ಅವರು ಥಾಯ್ ಕಲಿತರು. ಥಾಯ್ಲೆಂಡ್ ಬಗ್ಗೆ, ಆಮೇಲೆ ಫಿಲಿಪ್ಪೀನ್ಸ್ ಬಗ್ಗೆ ಬರೆದರು. ರಾಷ್ಟ್ರೀಯತೆಯ ಬಗ್ಗೆ ಅವರು ಕಂಡುಕೊಂಡದ್ದಕ್ಕೆ ಈ ಬಲವಂತದ ಹೋಲಿಕೆ ನೆರವಾಯಿತು ಅಂತಲೇ ನನಗೆ ಅನಿಸುತ್ತದೆ. ಆದರೆ ಹೊಸದಾಗಿ ಪಿಎಚ್‌ಡಿ ಸೇರಿದವರ ಕೈಯಲ್ಲಿ ಅಷ್ಟು ಸಮಯ ಇರುವುದಿಲ್ಲ.

ಚೀನಾದ್ದು ಇನ್ನೂ ಹತ್ತಿರದ ಉದಾಹರಣೆ. ಅಲ್ಲಿನ ವಿದೇಶಾಂಗ ಸಚಿವಾಲಯ 2004ರಲ್ಲಿ ತನ್ನ ಹಳೆಯ ಕಡತಗಳನ್ನು ಸಂಶೋಧಕರಿಗೆ ತೆರೆಯಿತು. ಒಂದು ದಶಕ ತುಂಬುವ ಮುಂಚೆಯೇ ಹೆಚ್ಚಿನದನ್ನು ಮತ್ತೆ ಮುಚ್ಚಿತು. 2023ರಲ್ಲಿ ಚೀನಾದ ದೊಡ್ಡ ಶೈಕ್ಷಣಿಕ ದತ್ತಾಂಶ ಭಂಡಾರ ಸಿಎನ್‌ಕೆಐ ತನ್ನ ಕೆಲವು ಭಾಗಗಳನ್ನು ವಿದೇಶಿ ಓದುಗರಿಗೆ ನಿಲ್ಲಿಸಿತು. ಹಾಗಂತ ಚೀನೀ ಕಲಿತವರು ಕೈಕಟ್ಟಿ ಕೂರಬೇಕಾಗಿಲ್ಲ. ಮಾವೊ ಕಾಲದಲ್ಲಿ ಪಾಶ್ಚಾತ್ಯ ಸಂಶೋಧಕರು ಚೀನಾದೊಳಗೆ ಹೋಗಲಾಗದೆ ಹಾಂಗ್‌ಕಾಂಗ್‌ನಲ್ಲಿ ಕೂತು, ಗಡಿ ದಾಟಿ ಬಂದವರನ್ನು ಮಾತಾಡಿಸಿ ಕೆಲಸ ಮಾಡಿದರು. ಅದಕ್ಕೆಂದೇ 1963ರಲ್ಲಿ ಅಲ್ಲಿ ಯೂನಿವರ್ಸಿಟೀಸ್ ಸರ್ವಿಸ್ ಸೆಂಟರ್ ಶುರುವಾಯಿತು. ಇವತ್ತು ತೈವಾನ್ ಇದೆ, ಸಿಂಗಪುರ ಇದೆ. ಅದೇ ರೀತಿ ಇಂಡೋನೇಷ್ಯನ್ ಕಲಿತರೆ ಮಲೇಷ್ಯಾ, ಬ್ರೂನೈ ಹತ್ತಿರವಾಗುತ್ತವೆ. ಫಾರ್ಸಿ ಕಲಿತರೆ ಇರಾನ್ ಜೊತೆಗೆ ತಜಿಕಿಸ್ತಾನ. ಬಂಗಾಳಿ ಕಲಿತರೆ ಗಡಿಯ ಎರಡೂ ಬದಿ. ಬರ್ಮೀಸ್ ಒಂದನ್ನೇ ನಂಬಿದ್ದವರಿಗೆ 2021ರ ಫೆಬ್ರವರಿಯ ಸೇನಾ ದಂಗೆಯ ನಂತರ ಥಾಯ್ಲೆಂಡ್ ಗಡಿಯೇ ಕೆಲಸದ ಜಾಗವಾಗುವ ಸ್ಥಿತಿ ಬಂತು.

ಜಪಾನ್ ಈ ದೃಷ್ಟಿಯಲ್ಲಿ ನೆಮ್ಮದಿಯ ಆಯ್ಕೆ. ಟೋಕಿಯೊದ ರಾಜತಾಂತ್ರಿಕ ಪತ್ರಾಗಾರ ತೆರೆದಿದೆ. 2001ರಲ್ಲಿ ಶುರುವಾದ ಏಷ್ಯಾ ಐತಿಹಾಸಿಕ ದಾಖಲೆಗಳ ಕೇಂದ್ರ ಯುದ್ಧಪೂರ್ವದ ಸರ್ಕಾರಿ ಕಡತಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತದೆ. ಕೆಲಸದ ಜಾಹೀರಾತುಗಳು ಮಾತ್ರ ಚೀನಾಕ್ಕೆ ಇರುವಷ್ಟು ಜಪಾನ್‌ಗೆ ಕಾಣುವುದಿಲ್ಲ. ಚೀನಾ ಕಡೆ ಹುದ್ದೆಗಳು ಜಾಸ್ತಿ, ನೂಕುನುಗ್ಗಲೂ ಜಾಸ್ತಿ.

ವಿಭಾಗ: ರಾಜ್ಯಶಾಸ್ತ್ರವೋ, ಏಷ್ಯಾ ಅಧ್ಯಯನವೋ?

ಹೊರಗಿನಿಂದ ನೋಡಿದರೆ ಎರಡೂ ಒಂದೇ ಅನಿಸುತ್ತವೆ. ಒಳಗೆ ಹೋದ ಮೇಲೆ ಪ್ರಶ್ನೆ ಕೇಳುವ ರೀತಿಯೇ ಬೇರೆ ಅಂತ ಗೊತ್ತಾಗುತ್ತದೆ. ರಾಜ್ಯಶಾಸ್ತ್ರದ ವಿಭಾಗದಲ್ಲಿ ನೀವು ವಿಯೆಟ್ನಾಂ ಬಗ್ಗೆ ಮಾತಾಡಿದರೆ ಮೊದಲ ಪ್ರಶ್ನೆ, 'ಇದು ಯಾವುದರ ಉದಾಹರಣೆ?' ಏಷ್ಯಾ ಅಧ್ಯಯನದ ವಿಭಾಗದಲ್ಲಿ ಅದೇ ಮಾತಾಡಿದರೆ, 'ವಿಯೆಟ್ನಾಮಿ ಮೂಲದಲ್ಲಿ ಏನಂತ ಇದೆ?' ಒಂದು ಕಡೆ ಸಿದ್ಧಾಂತಕ್ಕೆ ಬೆಲೆ. ಇನ್ನೊಂದು ಕಡೆ ನೆಲದ ತಿಳಿವಳಿಕೆಗೆ ಬೆಲೆ.

ಏಷ್ಯಾ ಅಧ್ಯಯನದ ವಿಭಾಗಗಳ ಹಿಂದೆ ರಾಜಕೀಯ ಕಾರಣಗಳೂ ಇವೆ. ಏಷ್ಯಾ, ಆಫ್ರಿಕಾ ಅಧ್ಯಯನಕ್ಕೆ ಹೆಸರಾದ ಲಂಡನ್ನಿನ ಸೋಆಸ್ ಕಾಲೇಜು 1916ರಲ್ಲಿ ಹುಟ್ಟಿದ್ದು ಬ್ರಿಟಿಷ್ ಸಾಮ್ರಾಜ್ಯಕ್ಕೆ ಭಾಷೆ ಬಲ್ಲ ಅಧಿಕಾರಿಗಳು ಬೇಕಾಗಿದ್ದರಿಂದ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಬೆಚ್ಚಿಬಿದ್ದಿತು. ಮರುವರ್ಷವೇ ಒಂದು ಕಾಯ್ದೆ ಮಾಡಿ ವಿದೇಶಿ ಭಾಷೆ ಮತ್ತು ಪ್ರದೇಶಗಳ ಅಧ್ಯಯನಕ್ಕೆ ಸರ್ಕಾರದ ಹಣ ಸುರಿಯಿತು. ಶೀತಲ ಸಮರ ಮುಗಿದ ಮೇಲೆ ಆ ಉತ್ಸಾಹ ಇಳಿಯಿತು. ಅಂಕಿಸಂಖ್ಯೆಯ ವಿಧಾನಗಳ ಕಡೆ ರಾಜ್ಯಶಾಸ್ತ್ರ ವಾಲಿತು.

ನಾನು ಯಾವುದನ್ನು ಆರಿಸಿಕೊಳ್ಳಿ ಅಂತ ಹೇಳುತ್ತೇನೆ? ಹೆಚ್ಚಿನವರಿಗೆ ರಾಜ್ಯಶಾಸ್ತ್ರ ಅಥವಾ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗ. ಕಾರಣ ನೇರವಾದದ್ದು. ರಾಜಕೀಯ ಕಲಿಸುವ ಹುದ್ದೆಗಳನ್ನು ತುಂಬುವುದು ಹೆಚ್ಚಾಗಿ ಆ ವಿಭಾಗಗಳೇ. ಉತ್ತರ ಅಮೆರಿಕದ ಏಷ್ಯಾ ಅಧ್ಯಯನ ವಿಭಾಗಗಳಲ್ಲಿ ಸಾಹಿತ್ಯ, ಧರ್ಮ, ಭಾಷೆ ಕಲಿಸುವವರೇ ಹೆಚ್ಚು. ಅಲ್ಲಿ ಪಿಎಚ್‌ಡಿ ಮಾಡಿ ರಾಜ್ಯಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದರೆ 'ಸಂಶೋಧನಾ ವಿಧಾನ ಎಲ್ಲಿ ಕಲಿತಿರಿ?' ಅನ್ನುವ ಪ್ರಶ್ನೆ ಎದುರಾಗುತ್ತದೆ. ರಾಜ್ಯಶಾಸ್ತ್ರದಲ್ಲಿದ್ದು ಏಷ್ಯಾ ವಿಭಾಗದ ಭಾಷಾ ತರಗತಿಗಳಿಗೆ ಹೋಗುವುದು ಸುಲಭ. ಉಲ್ಟಾ ದಾರಿ ಅಷ್ಟು ಸುಲಭ ಅಲ್ಲ.

ಆದರೆ ಇದಕ್ಕೆ ಒಂದು ಷರತ್ತಿದೆ. ಭಾಷೆಯನ್ನು ಮುಂದೂಡಬಾರದು. ನಾನು ಕೋರ್ಸ್‌ವರ್ಕ್ ಮುಗಿಯಲಿ, ಆಮೇಲೆ ಭಾಷೆ ಅಂತ ಬಿಟ್ಟಿದ್ದೆ. ಫೀಲ್ಡ್‌ವರ್ಕ್‌ಗೆ ಹೋದಾಗ ಸಂದರ್ಶನ ಕೊಡುವವರು ಎದುರಿಗೆ ಕೂತು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಮಾತಾಡುತ್ತಿದ್ದರು. ಅವರು ನನಗೆ ಹೇಳಿದ್ದು ಪತ್ರಿಕೆಯಲ್ಲಿ ಇದ್ದದ್ದನ್ನೇ. ಹೊಸದೇನೂ ಸಿಗಲಿಲ್ಲ. ಒಂದು ವರ್ಷ ಹೆಚ್ಚಿಗೆ ಹಿಡಿಯಿತು.

ನಿಮ್ಮ ಪ್ರಶ್ನೆ ಇತಿಹಾಸದ ಕಡೆಗೋ, ರಾಜಕೀಯ ಚಿಂತನೆಯ ಕಡೆಗೋ ಇದ್ದರೆ ಮಾತು ಬೇರೆ. ಆಗ ಏಷ್ಯಾ ಅಧ್ಯಯನದ ವಿಭಾಗವೇ ಸರಿಯಾದ ಮನೆ.

ಇಲ್ಲಿ ಒಂದು ವಿಷಯ ಮನಸ್ಸಿಟ್ಟು ಹೇಳಬೇಕು. ಅಂತರರಾಷ್ಟ್ರೀಯ ಸಂಬಂಧಗಳ ದೊಡ್ಡ ಸಿದ್ಧಾಂತಗಳು ಯುರೋಪಿನ ಅನುಭವದಿಂದ ಬಂದವು. ಈ ವಿಷಯಕ್ಕೆ ಮೊದಲ ಪೀಠ ಸ್ಥಾಪನೆಯಾದದ್ದೇ ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ. ಬಲಶಾಲಿ ದೇಶವೊಂದು ಬೆಳೆದರೆ ನೆರೆಯವರು ಸೇರಿ ಅದನ್ನು ತಡೆಯುತ್ತಾರೆ ಅನ್ನುವುದು ಯುರೋಪಿನ ಪಾಠ. ಚೀನಾದ ನೆರೆಯವರು ಶತಮಾನಗಳ ಕಾಲ ಹಾಗೆ ಮಾಡಲಿಲ್ಲವಲ್ಲ, ಯಾಕೆ ಅಂತ ಕೇಳಿದ ವಿದ್ವಾಂಸರಲ್ಲಿ ಡೇವಿಡ್ ಕಾಂಗ್ ಒಬ್ಬರು. ಪಾಶ್ಚಾತ್ಯವಲ್ಲದ ಸಿದ್ಧಾಂತ ಯಾಕಿಲ್ಲ ಅಂತ ಅಮಿತಾವ್ ಆಚಾರ್ಯ ಮತ್ತು ಬ್ಯಾರಿ ಬುಜಾನ್ 2007ರಲ್ಲಿ ಕೇಳಿದರು. ಆಗ್ನೇಯ ಏಷ್ಯಾದ ದೇಶಗಳು ಹೊರಗಿನ ನಿಯಮಗಳನ್ನು ಸುಮ್ನೆ ಒಪ್ಪುವುದಿಲ್ಲ, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತವೆ ಅಂತ ಆಚಾರ್ಯ ತೋರಿಸಿದ್ದು ಆ ದೇಶಗಳ ಒಕ್ಕೂಟವಾದ ಆಸಿಯಾನ್ ಅನ್ನು ಹತ್ತಿರದಿಂದ ನೋಡಿದ್ದರಿಂದ. ಇಂಥ ಕೆಲಸಕ್ಕೆ ಎರಡೂ ಬೇಕು. ಸಿದ್ಧಾಂತದ ಭಾಷೆ ಗೊತ್ತಿಲ್ಲದಿದ್ದರೆ ಅದನ್ನು ಪ್ರಶ್ನಿಸಲು ಆಗುವುದಿಲ್ಲ. ನೆಲ ಗೊತ್ತಿಲ್ಲದಿದ್ದರೆ ಪ್ರಶ್ನಿಸಬೇಕು ಅಂತಲೇ ಹೊಳೆಯುವುದಿಲ್ಲ.

ದೇಶ

ಅಮೆರಿಕದಲ್ಲಿ ಪಿಎಚ್‌ಡಿ ಅಂದರೆ ಐದರಿಂದ ಏಳು ವರ್ಷ. ಮೊದಲ ಎರಡು ವರ್ಷ ತರಗತಿ, ಆಮೇಲೆ ಸಮಗ್ರ ಪರೀಕ್ಷೆ, ಆಮೇಲೆ ಪ್ರಬಂಧ. ಒಳ್ಳೆಯ ವಿಭಾಗಗಳು ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತವೆ, ಬದಲಿಗೆ ಪಾಠಕ್ಕೆ ನೆರವಾಗಬೇಕು. ವಿಷಯ ಇನ್ನೂ ಗಟ್ಟಿಯಾಗಿಲ್ಲದವರಿಗೆ, ಸಂಖ್ಯಾಶಾಸ್ತ್ರ ಸರಿಯಾಗಿ ಕಲಿಯಬೇಕು ಅನ್ನುವವರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಮುಂದೆ ಅಮೆರಿಕದಲ್ಲೇ ಕಲಿಸುವ ಆಸೆ ಇದ್ದರೆ ಹೆಚ್ಚುಕಡಿಮೆ ಇದೇ ದಾರಿ. ಅಲ್ಲಿನ ವಿಭಾಗಗಳು ಅಲ್ಲಿನ ಪದವಿಯವರನ್ನೇ ಹೆಚ್ಚಾಗಿ ತೆಗೆದುಕೊಳ್ಳುತ್ತವೆ.

ಬ್ರಿಟನ್ನಿನಲ್ಲಿ ಮೂರರಿಂದ ನಾಲ್ಕು ವರ್ಷ. ತರಗತಿ ಕಡಿಮೆ. ಅರ್ಜಿ ಹಾಕುವಾಗಲೇ ಸಂಶೋಧನಾ ಪ್ರಸ್ತಾವ ಗಟ್ಟಿಯಾಗಿರಬೇಕು. ಕೊನೆಗೆ ಇಬ್ಬರು ಪರೀಕ್ಷಕರ ಮುಂದೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಭಾಷೆ ಮೊದಲೇ ಬರುತ್ತದೆ, ಪ್ರಶ್ನೆ ಗೊತ್ತಿದೆ ಅನ್ನುವವರಿಗೆ ಸಮಯ ಉಳಿಯುತ್ತದೆ. ಭಾಷೆ ಇನ್ನೂ ಕಲಿಯಬೇಕಾದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡು ಸಾವಿರ ಗಂಟೆಯನ್ನು ಮೂರು ವರ್ಷದೊಳಗೆ ಎಲ್ಲಿ ತುರುಕುವುದು? ಇನ್ನೊಂದು ಕಷ್ಟ ಹಣದ್ದು. ಪ್ರವೇಶ ಸಿಕ್ಕಿತು ಅಂದರೆ ಸ್ಕಾಲರ್‌ಶಿಪ್ ಸಿಕ್ಕಿತು ಅಂತ ಅಲ್ಲ, ಎರಡೂ ಬೇರೆ ಬೇರೆ ಅರ್ಜಿಗಳು. ಹಣವಿಲ್ಲದ ಪ್ರವೇಶಪತ್ರವನ್ನು ಒಪ್ಪಿಕೊಳ್ಳಬೇಡಿ ಅಂತ ನಾನು ಯಾರಿಗಾದರೂ ಹೇಳುತ್ತೇನೆ. ಈ ವೃತ್ತಿಯಲ್ಲಿ ಆ ಸಾಲ ತೀರಿಸುವಷ್ಟು ಸಂಬಳ ಬೇಗ ಬರುವುದಿಲ್ಲ.

ಆಸ್ಟ್ರೇಲಿಯಾ ಬ್ರಿಟನ್ನಿನ ಹಾಗೇ. ಆದರೆ ಏಷ್ಯಾ ಅಲ್ಲಿ ಪಕ್ಕದ ಮನೆ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ 1946ರಲ್ಲಿ ಹುಟ್ಟಿದಾಗಿನಿಂದಲೇ ಪೆಸಿಫಿಕ್ ಪ್ರದೇಶದ ಸಂಶೋಧನೆ ಅದರ ಕೆಲಸದ ಭಾಗ. ಇಂಡೋನೇಷ್ಯಾದ ಬಗ್ಗೆ ಕೆಲಸ ಮಾಡುವವರು ಅದನ್ನು ನೋಡದೆ ಬೇರೆ ಕಡೆ ಅರ್ಜಿ ಹಾಕಬಾರದು. ನೆದರ್ಲೆಂಡ್ಸ್ ಮತ್ತು ನಾರ್ಡಿಕ್ ದೇಶಗಳಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ, ಜಾಹೀರಾತು ನೋಡಿ ಅರ್ಜಿ ಹಾಕುವುದು. ಜರ್ಮನಿಯಲ್ಲಿ ಮಾತ್ರ ಒಂದು ಕಾನೂನು ನೆನಪಿರಲಿ. ತಾತ್ಕಾಲಿಕ ಒಪ್ಪಂದದ ಮೇಲೆ ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ಅನ್ನುವ ಮಿತಿ ಇದೆ. ಅಷ್ಟರಲ್ಲಿ ಕಾಯಂ ಹುದ್ದೆ ಸಿಗದೆ ವೃತ್ತಿಯನ್ನೇ ಬಿಟ್ಟವರಿದ್ದಾರೆ.

ಏಷ್ಯಾದೊಳಗೇ ಓದುವ ಆಯ್ಕೆಯನ್ನು ಬಹಳ ಜನ ಎರಡನೇ ದರ್ಜೆಯದು ಅಂದುಕೊಳ್ಳುತ್ತಾರೆ. ಅದು ಹಳೆಯ ಮಾತು. ಸಿಂಗಪುರದ ರಾಜರತ್ನಂ ಸ್ಕೂಲ್ ಪ್ರಾದೇಶಿಕ ಭದ್ರತೆಯ ಅಧ್ಯಯನದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 1968ರಲ್ಲಿ ಶುರುವಾದ ಆಗ್ನೇಯ ಏಷ್ಯಾ ಅಧ್ಯಯನ ಸಂಸ್ಥೆಯ ಗ್ರಂಥಾಲಯವೂ ಅಲ್ಲಿದೆ. ಹಾಂಗ್‌ಕಾಂಗ್ 2009ರಿಂದ ಹೊರಗಿನವರಿಗೂ ತೆರೆದ ಪಿಎಚ್‌ಡಿ ಫೆಲೋಶಿಪ್ ಕೊಡುತ್ತಿದೆ. ಆದರೆ ಅಲ್ಲಿ ಚೀನಾದ ರಾಜಕೀಯದ ಬಗ್ಗೆ ಕೆಲಸ ಮಾಡುವ ವಾತಾವರಣ 2020ರ ರಾಷ್ಟ್ರೀಯ ಭದ್ರತಾ ಕಾನೂನಿನ ನಂತರ ಬದಲಾಗಿದೆ. ಮೇಲೆ ಹೇಳಿದ ಸರ್ವಿಸ್ ಸೆಂಟರ್ 2021ರಲ್ಲಿ ಪ್ರತ್ಯೇಕ ಕೇಂದ್ರವಾಗಿ ಉಳಿಯದೆ ಹಾಂಗ್‌ಕಾಂಗ್‌ನ ಚೀನೀ ವಿಶ್ವವಿದ್ಯಾಲಯದ ಗ್ರಂಥಾಲಯದೊಳಗೆ ಸೇರಿಹೋಯಿತು. ಜಪಾನ್ ಸರ್ಕಾರದ ಮೆಕ್ಸ್‌ಟ್ ಸ್ಕಾಲರ್‌ಶಿಪ್ 1954ರಿಂದ ಇದೆ. ಅದರಲ್ಲಿ ಬಹಳ ಜನ ಮೊದಲು ಸಂಶೋಧನಾ ವಿದ್ಯಾರ್ಥಿಯಾಗಿ ಹೋಗಿ, ಭಾಷೆ ಗಟ್ಟಿ ಮಾಡಿಕೊಂಡು, ಆಮೇಲೆ ಪದವಿಗೆ ಸೇರುತ್ತಾರೆ. ಭಾಷೆ ಕಲಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕಡಿಮೆ.

ಯಾವ ದೇಶವಾದರೂ ಸರಿ, ರ‍್ಯಾಂಕಿಂಗ್ ಪಟ್ಟಿ ಬದಿಗಿಟ್ಟು ಎರಡು ವಿಷಯ ಹುಡುಕಿ. ಆ ವಿಭಾಗದಿಂದ ಕಳೆದ ಐದು ವರ್ಷದಲ್ಲಿ ಪಿಎಚ್‌ಡಿ ಮುಗಿಸಿದವರು ಈಗ ಎಲ್ಲಿದ್ದಾರೆ? ವಿಭಾಗಗಳು ಇದನ್ನು ಪ್ರಕಟಿಸುತ್ತವೆ, ಪ್ರಕಟಿಸದಿದ್ದರೆ ಕೇಳಿ. ಎರಡನೆಯದು ಗೈಡ್. ನಿಮ್ಮ ದೇಶದ ಬಗ್ಗೆ ಕೆಲಸ ಮಾಡುವ ಒಬ್ಬರೇ ಇದ್ದು, ಅವರು ನಿವೃತ್ತಿಯ ಅಂಚಿನಲ್ಲಿದ್ದರೆ ಯೋಚನೆ ಮಾಡಿ. ಅವರ ಈಗಿನ ವಿದ್ಯಾರ್ಥಿಗಳಿಗೆ ಬರೆದು, ಒಂದು ಅಧ್ಯಾಯ ಕೊಟ್ಟರೆ ಎಷ್ಟು ದಿನದಲ್ಲಿ ಓದಿ ಹಿಂದಿರುಗಿಸುತ್ತಾರೆ ಅಂತ ಕೇಳಿ. ಹೆಸರಿಗಿಂತ ಈ ಉತ್ತರ ಮುಖ್ಯ.

ವಿಶ್ವವಿದ್ಯಾಲಯವೋ, ಥಿಂಕ್ ಟ್ಯಾಂಕೋ?

ಪಿಎಚ್‌ಡಿ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ವಿಶ್ವವಿದ್ಯಾಲಯದಲ್ಲಿ ಒಂದು ಲೇಖನ ಜರ್ನಲ್‌ನಲ್ಲಿ ಬರಲು ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಹಿಡಿಯುತ್ತದೆ. ಚೈನಾ ಕ್ವಾರ್ಟರ್ಲಿ, ಏಷ್ಯನ್ ಸರ್ವೆ, ಪೆಸಿಫಿಕ್ ರಿವ್ಯೂ ಇಂಥ ಕಡೆ ಬಂದರೆ ಕ್ಷೇತ್ರದವರು ಓದುತ್ತಾರೆ. ಥಿಂಕ್ ಟ್ಯಾಂಕಿನಲ್ಲಿ, ಅಂದರೆ ನೀತಿಗಳ ಬಗ್ಗೆ ಸಂಶೋಧನೆ ಮಾಡಿ ಸಲಹೆ ಕೊಡುವ ಸಂಸ್ಥೆಯಲ್ಲಿ, ಬೆಳಿಗ್ಗೆ ಎಲ್ಲೋ ಕ್ಷಿಪಣಿ ಹಾರಿದರೆ ಸಂಜೆಗೆ ಟಿಪ್ಪಣಿ ಸಿದ್ಧವಿರಬೇಕು. ಓದುವವರು ಅಧಿಕಾರಿಗಳು, ಪತ್ರಕರ್ತರು. ಲಂಡನ್ನಿನ ಐಐಎಸ್ಎಸ್ ಅನ್ನುವ ಥಿಂಕ್ ಟ್ಯಾಂಕ್ 2002ರಿಂದ ಸಿಂಗಪುರದಲ್ಲಿ ನಡೆಸುವ ಶಾಂಗ್ರಿಲಾ ಸಂವಾದ ಅನ್ನುವ ಭದ್ರತಾ ಸಭೆಗೆ ರಕ್ಷಣಾ ಸಚಿವರೇ ಬರುತ್ತಾರೆ. ಅಂಥ ಕೋಣೆಯಲ್ಲಿ ಕೂರುವ ಅವಕಾಶ ಪ್ರಾಧ್ಯಾಪಕರಿಗೆ ಬೇಗ ಸಿಗುವುದಿಲ್ಲ.

ಅದರ ಬದಲಿಗೆ ಕೊಡಬೇಕಾದದ್ದೂ ಇದೆ. ಥಿಂಕ್ ಟ್ಯಾಂಕಿನ ಬಹಳಷ್ಟು ಹುದ್ದೆಗಳು ಅನುದಾನದ ಮೇಲೆ ನಿಂತಿರುತ್ತವೆ. ಹಣ ಕೊಡುವವರ ಆಸಕ್ತಿ ಬದಲಾದರೆ ನಿಮ್ಮ ವಿಷಯವೂ ಬದಲಾಗಬೇಕು. ವಿಶ್ವವಿದ್ಯಾಲಯದಿಂದ ಥಿಂಕ್ ಟ್ಯಾಂಕಿಗೆ ಯಾವಾಗ ಬೇಕಾದರೂ ಹೋಗಬಹುದು. ಅಲ್ಲಿ ನಾಲ್ಕೈದು ವರ್ಷ ಕಳೆದು, ಜರ್ನಲ್ ಲೇಖನಗಳಿಲ್ಲದೆ ವಾಪಸ್ ಬರುವುದು ಕಷ್ಟ. ಎರಡೂ ಇಷ್ಟ ಅನ್ನುವವರು ಮೊದಲು ವಿಶ್ವವಿದ್ಯಾಲಯದ ಕಡೆ ಪ್ರಯತ್ನ ಮಾಡುವುದು ಒಳ್ಳೆಯದು ಅನ್ನುವುದು ಇದೇ ಕಾರಣಕ್ಕೆ. ನೀತಿ ರೂಪಿಸುವುದೇ ನಿಮ್ಮ ನಿಜವಾದ ಆಸೆಯಾಗಿದ್ದರೆ, ಪಿಎಚ್‌ಡಿಯೇ ಬೇಕಾ ಅಂತಲೂ ಕೇಳಿಕೊಳ್ಳಿ. ಒಳ್ಳೆಯ ಮಾಸ್ಟರ್ಸ್ ಪದವಿ ಮತ್ತು ಗಟ್ಟಿ ಭಾಷೆ ಸಾಕಾಗುವ ಕೆಲಸಗಳು ಅಲ್ಲಿ ಇವೆ.

ಅರ್ಜಿ ಹಾಕುವ ಮುಂಚೆ ಒಂದು ತಿಂಗಳು ಈ ಅಭ್ಯಾಸ ಮಾಡಿ ನೋಡಿ. ಒಂದು ಘಟನೆ ಆರಿಸಿಕೊಳ್ಳಿ. ಉದಾಹರಣೆಗೆ 2020ರ ನವೆಂಬರ್ 15ರಂದು 15 ದೇಶಗಳು ಆರ್‌ಸಿಇಪಿ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ದು, ಅದಕ್ಕೆ ಒಂದು ವರ್ಷ ಮುಂಚೆ ಭಾರತ ಮಾತುಕತೆಯಿಂದ ಹೊರಬಂದದ್ದು. ಅದರ ಬಗ್ಗೆ ಮೂರು ದೇಶಗಳ ಸರ್ಕಾರಿ ಹೇಳಿಕೆಗಳನ್ನು, ಪತ್ರಿಕೆಗಳನ್ನು, ಸಿಕ್ಕಷ್ಟು ಜರ್ನಲ್ ಲೇಖನಗಳನ್ನು ಓದಿ. ದಿನಾ ಅರ್ಧ ಪುಟ ಬರೆಯಿರಿ. ತಿಂಗಳ ಕೊನೆಗೆ ನಿಮ್ಮ ಟಿಪ್ಪಣಿಗಳಲ್ಲಿ ಯಾವ ಪ್ರಶ್ನೆ ಜಾಸ್ತಿ ಇದೆ ಅಂತ ಎಣಿಸಿ. 'ಮೂಲದಲ್ಲಿ ಏನಂತ ಇದೆ, ಅಲ್ಲಿನ ಜನ ಇದನ್ನು ಹೇಗೆ ನೋಡಿದರು' ಅನ್ನುವುದು ಜಾಸ್ತಿ ಇದ್ದರೆ ಭಾಷೆಯ ತರಗತಿಗೆ ಈಗಲೇ ಹೆಸರು ಕೊಡಿ, ದೇಶ ತನ್ನಿಂದ ತಾನೇ ತೀರ್ಮಾನವಾಗುತ್ತದೆ. 'ಇವರು ಸಹಿ ಹಾಕಿದರು, ಅವರು ಯಾಕೆ ಹಾಕಲಿಲ್ಲ' ಅನ್ನುವುದು ಜಾಸ್ತಿ ಇದ್ದರೆ ರಾಜ್ಯಶಾಸ್ತ್ರದ ವಿಭಾಗಗಳ ಪಟ್ಟಿ ಮಾಡಲು ಶುರು ಮಾಡಿ. ಹತ್ತನೇ ದಿನಕ್ಕೇ ಬೇಸರ ಬಂದರೆ ಅದೂ ಒಂದು ಉತ್ತರವೇ. ಆರು ವರ್ಷ ಕಳೆದ ಮೇಲೆ ಗೊತ್ತಾಗುವುದಕ್ಕಿಂತ ಹತ್ತು ದಿನದಲ್ಲಿ ಗೊತ್ತಾಗುವುದು ಒಳ್ಳೆಯದು, ಅಲ್ವಾ?